ಜಿರಾಫೆ ಸ್ಟಾಪಲ್ಲಿ ಇಳೀರಿ

ಕೊಡಗಿಂದ ಬಂದು ನಾಲ್ಕು ದಿನ ಆಯ್ತು, ಶೂ ಕೊಡವಿದ್ರೆ ಇನ್ನೂ ಕೆಂಪು ಮಣ್ಣು ಉದುರ್ತಾ ಇದೆ, ಮರೆಯೋಕ್ಮುಂಚೆ ಬರೆದುಬಿಡೋಣ ಅಂತ ಕೂತಿದೀನಿ. ಹೋಗಿದ್ದು ಡಿಸೆಂಬರ್ ಕೊನೇ ವಾರ, ಮಕ್ಕಳಿಗೆ ಕ್ರಿಸ್ಮಸ್ ರಜ. ಮಗನಿಗೆ ಒಂಬತ್ತು ವರ್ಷ, ಅವನದು ಒಂದೇ ಹಠ, ಥೀಮ್ ಪಾರ್ಕಿಗೆ ಹೋಗ್ಬೇಕು, ಅಲ್ಲೇ ಟೆಂಟಲ್ಲಿ ಮಲಗ್ಬೇಕು. ಬಿಡದಿ ಹತ್ರ ವಂಡರ್‌ಲಾ ತೋರಿಸ್ಕೊಂಡು ಬರೋಣ ಅಂದ್ರೆ ಅಲ್ಲಿ ಟೆಂಟ್ ಇಲ್ವಲ್ಲ ಅಂತ ಮೂತಿ ಉಬ್ಬಿಸ್ದ. ಕೊನೆಗೆ ನನ್ನಾಕೆ ಎಲ್ಲೆಲ್ಲೋ ಹುಡುಕಿ ಮಾದಾಪುರದ ಕಡೆ ಕಾಫಿ ತೋಟದೊಳಗೆ ಒಂದು ಅಡ್ವೆಂಚರ್ ಪಾರ್ಕ್ ಇದೆ, ಜಿಪ್‌ಲೈನ್, ಹಗ್ಗದ ಸೇತುವೆ, ರೇನ್ ಡ್ಯಾನ್ಸ್, ಜಂಗಲ್ ಥೀಮ್ ಅಂತೆ, ರಾತ್ರಿ ಅಲ್ಲೇ ಟೆಂಟು ಅಂತ ಪತ್ತೆ ಮಾಡಿದ್ಲು. ಬುಕಿಂಗ್ ಕಥೆ ಬೇಡ ಬಿಡಿ. ದುಡ್ಡು ಕಟ್ಟಿದ್ವಿ, ವಾಟ್ಸಾಪಲ್ಲಿ ಒಂದು ಲೊಕೇಷನ್ ಬಂತು, ಅದರ ಕೆಳಗೆ "ಬಸ್ಸಲ್ಲಿ ಬರೋರು ಮಡಿಕೇರಿಗೆ ಬಂದು ಟ್ಯಾಕ್ಸಿ ಮಾಡ್ಕೊಳ್ಳಿ" ಅಂತ ಒಂದು ಸಾಲು. ಆ ಲೊಕೇಷನ್ನೂ ಸರಿ ಇರ್ಲಿಲ್ಲ, ಆ ಸಾಲೂ ಸರಿ ಇರ್ಲಿಲ್ಲ.

ನಾವು ಒಟ್ಟು ಎಂಟು ಜನ, ಭಾಮೈದನ ಕಾರಲ್ಲಿ ಐದೇ ಸೀಟು. ಇನ್ನೊಂದು ಕಾರ್ ಬಾಡಿಗೆಗೆ ತಗೊಳ್ಳೋಣ ಅಂತ ನಾನು ಬಾಯಿ ತೆರೆಯೋಷ್ಟ್ರಲ್ಲಿ ಅಮ್ಮ "ಯಾಕೆ ದಂಡ, ನಂಗೆ ಬಸ್ ಫ್ರೀ" ಅಂದ್ಬಿಟ್ರು. 2023ರ ಜೂನಲ್ಲಿ ಶಕ್ತಿ ಯೋಜನೆ ಶುರುವಾದಾಗಿಂದ ಅಮ್ಮನ ಪರ್ಸಲ್ಲಿ ಆಧಾರ್ ಕಾರ್ಡು ಕುಂಕುಮದ ಪೊಟ್ಟಣದ ಜೊತೆನೇ ಇರುತ್ತೆ. ರೈಲಲ್ಲಿ ಹೋಗ್ಬಹುದಲ್ವಾ ಅಂತಲೂ ಕೇಳಿದ್ರು, ಇಡೀ ಕೊಡಗು ಜಿಲ್ಲೆಗೇ ರೈಲಿಲ್ಲ ಕಣಮ್ಮ, ರೈಲೇನಿದ್ರೂ ನಮ್ಮ ಮೈಸೂರಿಗೇ ಮುಗೀತು ಅಂದೆ. ಹಂಗಾಗಿ ಕಾರಲ್ಲಿ ಭಾಮೈದ, ಅವನ ಹೆಂಡ್ತಿ, ಅವರ ಪುಟ್ಟ ಪಾಪು, ನನ್ನಾಕೆ, ಮಗ. ಬಸ್ಸಲ್ಲಿ ನಾನು, ಅಮ್ಮ, ಹದಿಮೂರು ವರ್ಷದ ಮಗಳು. "ನಾವು ಹೋಗಿ ಟೆಂಟಲ್ಲಿ ಒಂದು ನಿದ್ದೆ ಮುಗಿಸಿರ್ತೀವಿ, ನೀವು ನಿಧಾನಕ್ಕೆ ಬನ್ನಿ ಭಾವ" ಅಂತ ಭಾಮೈದ ಹಿಂದಿನ ರಾತ್ರಿನೇ ಕಿಚಾಯಿಸಿದ್ದ. ಈ ಮಾತು ನೆನಪಿಟ್ಕೊಳ್ಳಿ.

ದಿನ ಒಂದು

ಆರೂವರೆಗೆ ಸಬರ್ಬನ್ ಬಸ್ ಸ್ಟ್ಯಾಂಡಲ್ಲಿ ಮಡಿಕೇರಿ ಬೋರ್ಡ್ ಇರೋ ಕೆಂಪು ಬಸ್ಸು ಹತ್ತಿದ್ವಿ. ರಾಜಹಂಸ, ಐರಾವತ ಹತ್ತಿದ್ರೆ ಫ್ರೀ ಇಲ್ಲ, ಮಾಮೂಲಿ ಕೆಂಪು ಬಸ್ಸೇ ಆಗ್ಬೇಕು, ಇದು ಅಮ್ಮನಿಗೆ ನನಗಿಂತ ಚೆನ್ನಾಗಿ ಗೊತ್ತು. ಕಂಡಕ್ಟರ್ ಅಮ್ಮನಿಗೆ, ಮಗಳಿಗೆ ಸೊನ್ನೆ ಟಿಕೆಟ್ ಹರಿದುಕೊಟ್ಟು ನನ್ನ ಕಡೆ ಕೈ ಚಾಚಿದ್ರು, ಮೂರು ಜನದಲ್ಲಿ ದುಡ್ಡು ಕೊಟ್ಟೋನು ನಾನೊಬ್ನೇ, ಮಗಳು ಕಿಸಕ್ಕಂತ ನಕ್ಕಳು. ಕಿಟಕಿ ಗಾಜು ಪೂರ್ತಿ ಮುಚ್ತಾ ಇರ್ಲಿಲ್ಲ, ಬಿಳಿಕೆರೆ ದಾಟೋವರ್ಗೂ ಮಂಜು ಒಳಗೇ ಬರ್ತಿತ್ತು. ಡಿಸೆಂಬರಲ್ಲಿ ಬೆಳಗಿನ ಬಸ್ಸಿಗೆ ಹೋಗೋರು ಕಿವಿಗೆ ಏನಾದ್ರೂ ಸುತ್ಕೊಳ್ಳಿ, ನಾನು ಅಮ್ಮನ ಹಳೇ ಶಾಲು ಸುತ್ಕೊಂಡು ಕೂತಿದ್ದೆ, ಮಗಳು ಅದರ ಫೋಟೋ ತೆಗೆದು ಕಾರಿನೋರಿಗೆ ಕಳಿಸಿದ್ಲು. ಅತ್ಲಾಗಿಂದ ಹುಣಸೂರಲ್ಲಿ ಮಸಾಲೆ ದೋಸೆ ತಿಂತಿರೋ ಫೋಟೋ ಬಂತು. ಆಗಲೇ ಅವರು ನಮಗಿಂತ ಮುಂದೆ.

ಪಿರಿಯಾಪಟ್ಟಣದ ಸುತ್ತಮುತ್ತ ಹೊಲದ ಮಧ್ಯ ಎತ್ತರದ ಗೋಡೆಯ ಚಿಕ್ಕ ಚಿಕ್ಕ ಮನೆ ಥರ ಕಾಣೋದು ತಂಬಾಕು ಬೇಯಿಸೋ ಬ್ಯಾರನ್ನುಗಳು. ಅದರಲ್ಲಿ ಯಾರಿರ್ತಾರೆ ಅಂತ ಮಗಳು ಕೇಳಿದ್ಲು, ಎಲೆ ಇರುತ್ತೆ ಅಂದೆ. ಬೈಲಕುಪ್ಪೆ ಬಂದಾಗ ಕೆಂಪು ಬಟ್ಟೆಯ ಇಬ್ಬರು ಹುಡುಗ ಸನ್ಯಾಸಿಗಳು ಹತ್ತಿದ್ರು, ಒಬ್ಬ ಕಂಡಕ್ಟರ್ ಹತ್ರ "ಕುಶಾಲನಗರ ಎರಡು" ಅಂದ ಕನ್ನಡ ನನ್ನ ಕನ್ನಡಕ್ಕಿಂತ ಸ್ಪಷ್ಟವಾಗಿತ್ತು. 1961ರಿಂದ ಇಲ್ಲಿ ಟಿಬೆಟಿನೋರ ಕ್ಯಾಂಪ್ ಇದೆ, ಆ ಹುಡುಗರ ಅಜ್ಜಂದಿರ ಕಾಲದ ಮಾತು ಅದು. ಬೈಲಕುಪ್ಪೆನ ಎಲ್ಲರೂ ಕೊಡಗು ಅನ್ಕೋತಾರೆ, ಅದು ಇನ್ನೂ ಮೈಸೂರು ಜಿಲ್ಲೆನೇ. ಕೊಪ್ಪ ಗೇಟ್ ಆದ್ಮೇಲೆ ಕಾವೇರಿ ಸೇತುವೆ ದಾಟಿದ್ರೆ ಆಗ ಕೊಡಗು. ಸೇತುವೆ ಮೇಲೆ ಅಮ್ಮ ಕೈ ಮುಗಿದ್ರು, ಕೆಳಗೆ ಬಂಡೆಗಳು ಬೆನ್ನು ತೋರಿಸ್ಕೊಂಡು ಮಲಗಿದ್ವು, ನೀರು ಅವುಗಳ ಮಧ್ಯ ದಾರಿ ಮಾಡ್ಕೊಂಡು ಹೋಗ್ತಿತ್ತು.

ಕುಶಾಲನಗರದಲ್ಲಿ ಅರ್ಧ ಬಸ್ಸು ಖಾಲಿ ಆಗಿ ಮತ್ತೆ ಅರ್ಧ ತುಂಬ್ತು. ಅಮ್ಮನ ಪಕ್ಕ ಒಬ್ಬ ಹೆಂಗಸು ಮೈಸೂರಿಂದಲೇ ಕೂತಿದ್ರು, ಮೊಮ್ಮಗು ಹುಟ್ಟಿದೆ ಅಂತ ನೋಡ್ಕೊಂಡು ವಾಪಸ್ ಹೋಗ್ತಿರೋರು, ಮಡಿಲಲ್ಲಿ ಬಾಳೆಎಲೆ ಸುತ್ತಿದ ಮೈಸೂರು ಮಲ್ಲಿಗೆ. ಇಲವಾಲ ದಾಟೋ ಹೊತ್ತಿಗೇ ಅಮ್ಮ ಅವರ ಮೂರು ತಲೆಮಾರು ತಿಳ್ಕೊಂಡಿದ್ರು. ಎಲ್ಲಿಗೆ ಹೋಗ್ತಿದೀರಿ ಅಂತ ಅವರು ಕೇಳಿದಾಗ ನಾನು ಪಾರ್ಕಿನ ಹೆಸರು ಹೇಳ್ದೆ. ಪೂರ್ತಿ ಇಂಗ್ಲಿಷ್ ಹೆಸರು, ಮೂರು ಪದ. ಅವರಿಗೆ ಗೊತ್ತಾಗ್ಲಿಲ್ಲ. ಮಾದಾಪುರದ ಕಡೆ, ತೋಟದೊಳಗೆ, ಮಕ್ಕಳಾಟ, ಟೆಂಟು, ಹಿಂಗೆ ಒಂದೊಂದೇ ಬಿಡಿಸಿ ಹೇಳ್ದೆ.

"ಓ, ಜಿರಾಫೆಯಾ!"

"ಏನು?"

"ಗೇಟಲ್ಲಿ ಸಿಮೆಂಟಿನ ಜಿರಾಫೆ ಉಂಟಲ್ಲ ಮಾರಾಯ್ರೆ, ಅದಕ್ಕೆ ನಾವು ಜಿರಾಫೆ ತೋಟ ಅಂತ್ಲೇ ಹೇಳೋದು. ನೀವು ಮಡಿಕೇರಿಗೆ ಎಂತಕ್ಕೆ ಹೋಗ್ತೀರಿ?"

ಅವರು ಹೇಳಿದ್ದು ಕೇಳಿ ನನಗೆ ತಲೆ ಚಚ್ಚಿಕೊಳ್ಳೋ ಹಂಗಾಯ್ತು. ಮಡಿಕೇರಿಗೆ ಹೋದ್ರೆ ಸುಂಟಿಕೊಪ್ಪದಿಂದ ಇನ್ನೂ ಹದಿನೈದು ಕಿಲೋಮೀಟರ್ ಘಟ್ಟದ ತಿರುವು ಹತ್ತಬೇಕು, ಆಮೇಲೆ ಟ್ಯಾಕ್ಸಿಗೆ ದುಡ್ಡು ಸುರಿದು ಹಿಂದಕ್ಕೆ ಬರ್ಬೇಕು. ಅದರ ಬದಲು ಸುಂಟಿಕೊಪ್ಪದಲ್ಲೇ ಇಳಿದು ಮಾದಾಪುರದ ಕಡೆ ಹೋಗೋ ಪ್ರೈವೇಟ್ ಬಸ್ ಹತ್ತಿ, ಡ್ರೈವರ್ ಹತ್ರ ಜಿರಾಫೆ ಅಂದ್ರೆ ಸಾಕು, ನಿಲ್ಲಿಸ್ತಾರೆ. ಅಲ್ಲಿ ಜೀಪು ಇರ್ತದೆ. "ಪ್ರೈವೇಟಲ್ಲಿ ಆಧಾರ್ ನಡೆಯೋದಿಲ್ಲ" ಅಂತ ಅಮ್ಮನಿಗೆ ಬೇರೆ ಹೇಳಿದ್ರು. ಅಮ್ಮನ ಮುಖ ಸ್ವಲ್ಪ ಸಪ್ಪೆ ಆಯ್ತು.

ಗುಡ್ಡೆಹೊಸೂರು ದಾಟಿದ ಮೇಲೆ ಆನೆಕಾಡು. ರಸ್ತೆ ಎರಡೂ ಕಡೆ ಕಾಡು, ಬಸ್ಸಿನ ಒಳಗೇ ತಣ್ಣಗಾಯ್ತು. ಹೆಸರೇ ಆನೆಕಾಡು ಅಂದ್ಮೇಲೆ ಆನೆ ಕಾಣ್ಬೇಕು ಅಂತ ಮಗಳು ಕಿಟಕಿಗೆ ಮೂಗು ಒತ್ತಿದ್ಲು. ಕಂಡಿದ್ದು ರಸ್ತೆ ಪಕ್ಕ ಒಂದು ಹಸಿ ಲದ್ದಿ ಗುಡ್ಡೆ, ಅಷ್ಟೇ. "ಕಾಣದಿದ್ರೇ ಒಳ್ಳೇದು" ಅಂದ್ರು ಮಲ್ಲಿಗೆ ಹೂವಿನ ಅಕ್ಕ, ತಮಾಷೆಗೆ ಹೇಳಿದ್ದಲ್ಲ, ಅವರ ಕಡೆಯೋರೊಬ್ಬರು ಬೆಳಗ್ಗೆ ಹಾಲು ಹಾಕೋಕೆ ಹೋಗಿ ತೋಟದಲ್ಲಿ ಆನೆ ಎದುರಿಗೆ ಸಿಕ್ಕಿ ಕಾಲು ಮುರ್ಕೊಂಡಿದ್ರಂತೆ. ಅದಕ್ಕೇ ಕತ್ತಲಾದ ಮೇಲೆ ತೋಟದ ದಾರೀಲಿ ನಡ್ಕೊಂಡು ಹೋಗ್ಬೇಡಿ, ಎಷ್ಟೇ ಹತ್ರ ಇದ್ರೂ ಜೀಪಲ್ಲೇ ಹೋಗಿ ಅಂತ ಎರಡೆರಡು ಸಲ ಹೇಳಿದ್ರು.

ಸುಂಟಿಕೊಪ್ಪದಲ್ಲಿ ಇಳಿದಾಗ ಒಂಬತ್ತೂವರೆ. ಬಸ್ ನಿಲ್ಲೋ ಜಾಗದ ಹತ್ರ ಒಂದು ಚಿಕ್ಕ ಹೋಟ್ಲು, ನಾಲ್ಕೇ ಟೇಬಲ್ಲು. ಅಕ್ಕಿರೊಟ್ಟಿ ಕೇಳಿದ್ವಿ. ನಮ್ಮ ಮೈಸೂರು ಕಡೆ ಅಕ್ಕಿರೊಟ್ಟಿ ಅಂದ್ರೆ ಈರುಳ್ಳಿ, ಸಬ್ಬಸಿಗೆ, ಹಸಿಮೆಣಸು ಹಾಕಿ ತಟ್ಟಿದ್ದು. ಇಲ್ಲಿ ಅನ್ನ ಅಕ್ಕಿಹಿಟ್ಟು ಕಲಸಿ ಲಟ್ಟಿಸಿ ಕೆಂಡದ ಮೇಲೆ ಉಬ್ಬಿಸಿದ ಬೆಳ್ಳನೆ ರೊಟ್ಟಿ, ಏನೂ ಹಾಕಿರಲ್ಲ, ಬಾಯಿಗಿಟ್ರೆ ಹತ್ತಿ. ಜೊತೆಗೆ ಎಳ್ಳು ಚಟ್ನಿ. ಅಮ್ಮ ಮೊದಲು "ಇದೇನು ಸಪ್ಪೆ" ಅಂದೋರು ನಾಲ್ಕು ತಿಂದ್ರು. ಗೂಗಲ್ ಪೇ ಮಾಡೋಕೆ ಹೋದ್ರೆ ಚಕ್ರ ತಿರುಗ್ತಾನೇ ಇತ್ತು, ಕೊನೆಗೆ ಕ್ಯಾಶ್ ಕೊಟ್ಟೆ. ಇಲ್ಲಿಂದ ಮುಂದೆ ಮೂರು ದಿನವೂ ಇದೇ ಕಥೆ, ಅದಕ್ಕೆ ಕುಶಾಲನಗರ ದಾಟೋಕ್ಮುಂಚೆ ಎಟಿಎಂ ಕೆಲಸ, ಕಾರಾದ್ರೆ ಪೆಟ್ರೋಲ್ ಕೆಲಸ ಎರಡೂ ಮುಗಿಸ್ಕೊಂಡ್ರೆ ನಿಮಗೇ ಅನುಕೂಲ.

ಪ್ರೈವೇಟ್ ಬಸ್ಸು ಮುಕ್ಕಾಲು ಗಂಟೆ ಬರ್ಲಿಲ್ಲ. ಬಂದಾಗ ಅದರ ತುಂಬಾ ಗೊಬ್ಬರದ ಚೀಲ, ಹುಲ್ಲಿನ ಪೊರಕೆ, ಒಂದು ಹೊಸ ಸ್ಟೀಲ್ ಡ್ರಮ್ಮು, ಮಲಯಾಳಂ ಮಾತಾಡೋ ಮೂರು ಜನ, ಕೊಡವ ತಕ್ಕಲ್ಲಿ, ಅಂದ್ರೆ ಕೊಡವರ ಭಾಷೇಲಿ ಜಗಳ ಆಡ್ತಿರೋ ಗಂಡ ಹೆಂಡ್ತಿ, ಹಿಂದೆ ಸೀಟಲ್ಲಿ ಅಸ್ಸಾಮಿಂದ ಕಾಫಿ ಕುಯ್ಲಿಗೆ ಬಂದ ಹುಡುಗರ ಗುಂಪು. ಡ್ರೈವರಿಗೆ ನಾನು ಸ್ವಲ್ಪ ನಾಚಿಕೆಯಲ್ಲೇ "ಜಿರಾಫೆ" ಅಂದೆ. ಅವನು ತಿರುಗಿಯೂ ನೋಡ್ದೆ "ಮೂರಾ?" ಅಂದ. ಅಷ್ಟೇ! ರಸ್ತೆ ಅಂದ್ರೆ ಹಾವು ಬಿಟ್ಟಂಗೆ, ಒಂದು ಕಡೆ ಸಿಲ್ವರ್ ಓಕ್ ಮರಕ್ಕೆ ಮೆಣಸಿನ ಬಳ್ಳಿ, ಅದರ ಕೆಳಗೆ ಅರೇಬಿಕಾ ಕಾಫಿ ಗಿಡ, ಕೆಂಪಗೆ ಹಣ್ಣಾಗಿ ಕೊಂಬೆ ಬಾಗಿತ್ತು. ಪ್ರತಿ ತಿರುವಲ್ಲೂ ಹಾರ್ನು. ಎದುರಿಗೆ ಯಾರೂ ಇಲ್ದೆ ಇದ್ರೂ ಹಾರ್ನು. ಇದು ಸುಮ್ನೆ ಶೋಕಿ ಅಲ್ಲ ಅಂತ ಎದುರಿಂದ ಒಂದು ಮರದ ಲಾರಿ ಪಕ್ಕೆ ಸವರ್ಕೊಂಡು ಹೋದಾಗ ಅರ್ಥ ಆಯ್ತು.

"ಜಿರಾಫೆ ಯಾರು, ಇಳೀರಿ" ಅಂತ ಕಂಡಕ್ಟರ್ ಹುಡುಗ ಕೂಗ್ದಾಗ ಇಡೀ ಬಸ್ಸು ನಮ್ಮನ್ನೇ ನೋಡ್ತು.

ಇಳಿದ ಜಾಗದಲ್ಲಿ ಒಂದು ಅಂಗಡಿ, ಒಂದು ತಂಗುದಾಣ, ಒಂದು ಜೀಪು. ಪಾರ್ಕಿನೋರ ಸ್ವಂತ ಜೀಪಿಗೆ ಫೋನಲ್ಲಿ ಎಂಟುನೂರು ಹೇಳಿದ್ರು, ಇಲ್ಲಿ ನಿಂತಿದ್ದ ಜೀಪಣ್ಣ ನಾನೂರಕ್ಕೆ ಬಂದ. ದಾರಿ ನಾಲ್ಕು ಕಿಲೋಮೀಟರು, ಕೊನೇ ಎರಡು ಬರೀ ಕಲ್ಲು, ಜೀಪು ಹತ್ತೋದಲ್ಲ, ಕುಪ್ಪಳಿಸೋದು. ಅಮ್ಮ ಕಂಬಿ ಹಿಡ್ಕೊಂಡು "ರಾಮ ರಾಮ" ಅಂತಿದ್ರೆ ಜೀಪಣ್ಣ ಒಂದೇ ಕೈಯಲ್ಲಿ ಸ್ಟೇರಿಂಗ್ ತಿರುಗಿಸ್ಕೊಂಡು ಕಥೆ ಹೇಳ್ತಿದ್ದ. ಎದುರಿನ ಬೆಟ್ಟದಲ್ಲಿ ಒಂದು ಕಡೆ ಹಸಿರು ಸ್ವಲ್ಪ ತೆಳು, ಉಜ್ಜಿ ಅಳಿಸಿದ ಥರ ಉದ್ದಕ್ಕೆ ಒಂದು ಗೆರೆ. ಅದೇನು ಅಂದೆ. "2018" ಅಂದ, ಇಸವಿ ಹೇಳಿದ್ರೆ ಸಾಕು ಅನ್ನೋ ಥರ. ಆ ಆಗಸ್ಟಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು ಕಡೆ ಬೆಟ್ಟಗಳು ಕುಸಿದು ಬಂದಾಗ ಅವನ ಮನೆ ಅಂಗಳದ ಅರ್ಧ ಹೋಯ್ತಂತೆ, ಮನೆ ನಿಂತಿತ್ತು, ಆದ್ರೆ ಗೋಡೆಯಲ್ಲಿ ಕೈ ಹೋಗೋಷ್ಟು ಬಿರುಕು. ಈಗ ಜಂಬೂರಿನ ಸರ್ಕಾರಿ ಮನೇಲಿದಾನೆ. "ಮನೆ ಚೆನ್ನಾಗಿದೆ. ಅಂಗಳ ಇಲ್ಲ. ಕಾಫಿ ಒಣಗಿಸೋಕೆ ಜಾಗ ಇಲ್ಲ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಒಣಗಿಸೋಕೆ ಕಾಫಿಯೂ ಇಲ್ಲ ಬಿಡಿ" ಅಂದು ನಕ್ಕ. ಆ ನಗುಗೆ ಏನು ಹೇಳ್ಬೇಕೋ ಗೊತ್ತಾಗ್ದೆ ನಾನು ಕಂಬಿ ಗಟ್ಟಿ ಹಿಡ್ಕೊಂಡೆ.

ತಿರುವು ತಿರುಗಿದ್ರೆ ಜಿರಾಫೆ. ಹದಿನೈದು ಅಡಿ ಇರ್ಬಹುದು, ಹಳದಿ ಬಣ್ಣ ಮಳೆಗೆ ಮಾಸಿ, ಒಂದು ಕಿವಿ ಮುರಿದು ಕಬ್ಬಿಣದ ಸರಳು ಕಾಣ್ತಿತ್ತು. ಕಾಡಿಗೂ ಅದಕ್ಕೂ ಏನೂ ಸಂಬಂಧ ಇಲ್ಲ. ನಮ್ಮ ಕಾರ್ ಎಲ್ಲೂ ಕಾಣ್ಲಿಲ್ಲ. ಗೇಟಲ್ಲಿ ಕೇಳಿದ್ರೆ ಯಾವ ಕಾರೂ ಬಂದಿಲ್ಲ ಅಂದ್ರು. ಫೋನ್ ಮಾಡೋಣ ಅಂದ್ರೆ ನನ್ನ ಸಿಮ್ಮಿಗೆ ಒಂದು ಗೆರೆಯೂ ಇಲ್ಲ, ಅಮ್ಮನ ಬಿಎಸ್ಸೆನ್ನೆಲ್ ಮಾತ್ರ ಎರಡು ಗೆರೆ ತೋರಿಸ್ತಿತ್ತು, ಅದನ್ನ ಆಮೇಲೆ ಮೂರು ದಿನ ಅಮ್ಮ ಎಲ್ಲರಿಗೂ ಹೇಳಿದ್ರು.

ಕಾರಿನೋರು ಬಂದಿದ್ದು ಒಂದೂಕಾಲು ಗಂಟೆ ಆದ್ಮೇಲೆ. ಮುಂದಿನ ಬಂಪರ್ ಒಂದು ಮೂಲೆ ಕಿತ್ತು ಹೋಗಿ ಪಾಪುವಿನ ಬಟ್ಟೆ ಒಣಗಿಸೋ ದಾರದಲ್ಲಿ ಕಟ್ಟಿದ್ರು. ಆಗಿದ್ದಿಷ್ಟು. ಸುಂಟಿಕೊಪ್ಪ ದಾಟಿದ ಮೇಲೆ ಮ್ಯಾಪು ಆರು ನಿಮಿಷ ಉಳಿಯುತ್ತೆ ಅಂತ ಎಡಕ್ಕೆ ಒಂದು ದಾರಿ ತೋರಿಸಿದೆ. ಭಾಮೈದ ತಿರುಗಿಸಿದಾನೆ. ಡಾಂಬರು ಹೋಗಿ ಮಣ್ಣು ಬಂತು, ಮಣ್ಣು ಹೋಗಿ ಹುಲ್ಲು ಬಂತು, ಹುಲ್ಲಿನ ಕೊನೇಲಿ ಬೀಗ ಹಾಕಿದ ಎಸ್ಟೇಟ್ ಗೇಟು, ಎರಡು ನಾಯಿ. ತಿರುಗಿಸೋಕೆ ಜಾಗ ಇಲ್ಲ, ಒಂದು ಕಡೆ ಚರಂಡಿ, ಒಂದು ಕಡೆ ಮಣ್ಣಿನ ದಿಬ್ಬ. ಅರ್ಧ ಕಿಲೋಮೀಟರ್ ರಿವರ್ಸ್. ನನ್ನಾಕೆ ಇಳಿದು ಹಿಂದೆ ನಡ್ಕೊಂಡು ಬಾ ಬಾ ಅಂತ ಕೈ ಮಾಡಿದಾಳೆ, ಮಗ ನಾಯಿಗೆ ಬಿಸ್ಕೆಟ್ ಹಾಕಿ ಫ್ರೆಂಡ್ ಮಾಡ್ಕೊಂಡಿದಾನೆ, ಬಂಪರ್ ಒಂದು ಬೇರಿಗೆ ಸಿಕ್ಕಿ ಟಪ್ ಅಂದಿದೆ. ಆಮೇಲೆ ರಸ್ತೆಗೆ ಬಂದು ಸಿಕ್ಕಸಿಕ್ಕೋರನ್ನ ಪಾರ್ಕಿನ ಇಂಗ್ಲಿಷ್ ಹೆಸರು ಹೇಳಿ ಕೇಳಿದ್ರೆ ಒಬ್ಬರಿಗೂ ಗೊತ್ತಿಲ್ಲ! ಒಬ್ಬ ಅಜ್ಜ ಮಾತ್ರ "ಮ್ಯಾಪ್ ನೋಡ್ಕೊಂಡು ಬಂದ್ರಾ?" ಅಂತ ಕೇಳಿ, ಹೌದು ಅಂದಾಗ ತಲೆ ಅಲ್ಲಾಡಿಸಿ ಹೋಗ್ಬಿಟ್ರಂತೆ. ಕೊನೆಗೆ ದಾರಿ ಸಿಕ್ಕಿದ್ದು ಬೋರ್ಡಿಂದಲೂ ಅಲ್ಲ, ಮ್ಯಾಪಿಂದಲೂ ಅಲ್ಲ, ನಮ್ಮ ಜೀಪಣ್ಣ ವಾಪಸ್ ಹೋಗ್ತಾ ಇವರನ್ನ ನೋಡಿ "ಮೈಸೂರಾ? ನಿಮ್ಮ ಅಜ್ಜಿ ಬಂದು ಕೂತಾಯ್ತು, ಬನ್ನಿ ಹಿಂದೆ" ಅಂದಿದ್ರಿಂದ.

ನಾನೇನೂ ಹೇಳ್ಲಿಲ್ಲ. ಅಮ್ಮ ಹೇಳಿದ್ರು. "ನಿದ್ದೆ ಮುಗೀತೇನಪ್ಪ?"

ಆವತ್ತು ಮಿಕ್ಕಿದ್ದೆಲ್ಲ ಮಾಮೂಲು. ಟೆಂಟು, ಬೆಂಕಿ, ಯಾರೋ ಬೆಂಗಳೂರಿನ ಹುಡುಗರ ಬ್ಲೂಟೂತ್ ಸ್ಪೀಕರು. ಹತ್ತು ಗಂಟೆಗೆ ಅದು ನಿಂತ ಮೇಲೆ ಕಾಡು ಶುರುವಾಯ್ತು, ಜೀರುಂಡೆ ಸದ್ದು ಎಷ್ಟು ಜೋರು ಅಂದ್ರೆ ಸ್ಪೀಕರೇ ಪರ್ವಾಗಿರ್ಲಿಲ್ಲ ಅಂದಳು ಮಗಳು. ಅಮ್ಮನಿಗೆ ನೆಲದಲ್ಲಿ ಮಲಗೋಕಾಗಲ್ಲ ಅಂತ ಅಡುಗೆಮನೆ ಪಕ್ಕದ ರೂಮಲ್ಲಿ ಮಂಚ ಕೊಟ್ರು, ಒಲೆಯ ಕಾವಿಗೆ ಅಲ್ಲಿ ಬೆಚ್ಚಗಿತ್ತು. ನಮ್ಮ ಟೆಂಟಿನ ಜಿಪ್ಪು ಅರ್ಧಕ್ಕೆ ನಿಂತಿತ್ತು. ಬಟ್ಟೆ ಒಣಗಿಸೋ ಕ್ಲಿಪ್ಪು ಹಾಕಿ ಮುಚ್ಚಿದ್ವಿ.

ದಿನ ಎರಡು

ಬೆಳಗ್ಗೆ ಟೆಂಟಿನ ಹೊರಗೆ ಇಬ್ಬನಿ ತಟತಟ ತೊಟ್ಟಿಕ್ತಿತ್ತು, ಮಳೆ ಬಂತು ಅಂದ್ಕೊಂಡೆ. ಬೆಲ್ಲದ ಕರಿ ಕಾಫಿ ಕೊಟ್ರು, ಹಾಲಿಲ್ಲದ್ದು. ಮೊದಲ ಗುಟುಕಿಗೆ ಕಷಾಯ, ಎರಡನೇದಕ್ಕೆ ಪರ್ವಾಗಿಲ್ಲ, ಮೂರನೇದಕ್ಕೆ ಇನ್ನೊಂದು ಲೋಟ ಸಿಗುತ್ತಾ ಅಂತ ಕೇಳ್ದೆ.

ಪಾರ್ಕಿನ ಬಗ್ಗೆ ಪ್ರಾಮಾಣಿಕವಾಗಿ ಹೇಳ್ಬೇಕಂದ್ರೆ, ದೊಡ್ಡೋರಿಗೆ ಅಂಥದ್ದೇನಿಲ್ಲ. ಸಿಮೆಂಟ್ ಡೈನೋಸಾರು, ಸಿಮೆಂಟ್ ಗೊರಿಲ್ಲಾ, ನೂರು ವರ್ಷದ ಮರಗಳ ಮಧ್ಯ ಪ್ಲಾಸ್ಟಿಕ್ ಬಳ್ಳಿ ಬೇರೆ ಕಟ್ಟಿದಾರೆ, ಯಾಕೋ ದೇವರಿಗೇ ಗೊತ್ತು. ಆದ್ರೆ ಮಗನ ಮುಖ ನೋಡಿದ್ರೆ ಇದೆಲ್ಲ ಹೇಳೋಕೆ ಮನಸ್ಸು ಬರಲ್ಲ. ಹಗ್ಗದ ಸೇತುವೆ ಏಳು ಸಲ ದಾಟಿದ. ಜಿಪ್‌ಲೈನಿಗೆ ಕ್ಯೂ ಇತ್ತು, ಹೆಲ್ಮೆಟ್ ಬೆವರು ವಾಸನೆ, ತಲೆಗೆ ಕರ್ಚೀಫ್ ಕಟ್ಕೊಂಡು ಹಾಕ್ಕೊಳ್ಳಿ. ಭಾಮೈದ ಮೇಲಿಂದ ಹಾರೋವಾಗ ಕಿರುಚಿದ್ದು ಕೆಳಗೆ ಅಡುಗೆಮನೇಲಿದ್ದ ಅಮ್ಮನಿಗೂ ಕೇಳಿಸ್ತಂತೆ. ಸಂಜೆ ಐದಕ್ಕೆ ರೇನ್ ಡ್ಯಾನ್ಸು, ಎಲ್ಲ ಹುಡುಗರೂ ಅದಕ್ಕೇ ಕಾಯ್ತಿದ್ರು.

ಮೂರು ಗಂಟೆ ಹೊತ್ತಿಗೆ ನಾನು, ಅಮ್ಮ, ಮಗಳು, ಭಾಮೈದ ಗೇಟಿಂದಾಚೆ ಸ್ವಲ್ಪ ನಡೆಯೋಣ ಅಂತ ಹೊರಟ್ವಿ. ಜಿರಾಫೆಯಿಂದ ಇನ್ನೂರು ಹೆಜ್ಜೆ ಆದ್ಮೇಲೆ ಒಂದು ಹಂಚಿನ ಮನೆ, ಮುಂದೆ ದೊಡ್ಡ ಸಿಮೆಂಟಿನ ಕಣ, ಕಣದ ತುಂಬಾ ಕಾಫಿ ಹರಡಿದ್ರು. ಒಂದು ಕಡೆ ಇನ್ನೂ ಕೆಂಪು, ಮಧ್ಯ ಕಂದು, ಆ ತುದಿಗೆ ಕಪ್ಪು, ದಿನ ದಿನ ಕುಯ್ದಿದ್ದು ಬೇರೆ ಬೇರೆ ಪಟ್ಟಿ. ಮನೆ ಯಜಮಾನ್ರು, ಎಪ್ಪತ್ತರ ಮೇಲಿರ್ಬಹುದು, ಮರದ ಹಲಗೆ ಕೋಲಲ್ಲಿ ಎಳೀತಾ ಇದ್ರು, ಕಾಲಿಗೆ ಚಪ್ಪಲಿ ಇಲ್ಲ. ಹೆಂಡತಿ ಜೊತೆ ಅರೆಭಾಷೆಯಲ್ಲಿ, ಅಂದ್ರೆ ಈ ಕಡೆ ಗೌಡರ ಮನೆಮಾತಲ್ಲಿ ಮಾತಾಡ್ತಿದ್ರು, ಕೇಳಿದ್ರೆ ನಮ್ಮ ಕನ್ನಡದ ಥರಾನೇ ಇರುತ್ತೆ, ಹಿಡಿಯೋಕೆ ಹೋದ್ರೆ ಜಾರುತ್ತೆ. ಒಣಗಿದೆ ಅಂತ ಹೆಂಗೆ ಗೊತ್ತಾಗುತ್ತೆ ಅಂತ ಮಗಳು ಕೇಳಿದ್ಲು. ಅವರು ಕಪ್ಪು ಪಟ್ಟಿಯಿಂದ ಒಂದು ಹಿಡಿ ತಗೊಂಡು ಅವಳ ಕಿವಿ ಹತ್ರ ಅಲ್ಲಾಡಿಸಿದ್ರು. ಗಲಗಲ. ಒಳಗೆ ಬೀಜ ಸಿಪ್ಪೆ ಬಿಟ್ಟು ಆಡ್ತಿದ್ರೆ ಒಣಗಿದೆ ಅಂತ. ಆಮೇಲೆ ಕಂದು ಪಟ್ಟಿಯದು ಅಲ್ಲಾಡಿಸಿದ್ರು, ಅದು ಮಂಕಾಗಿ ಡಬಡಬ. "ಇದಕ್ಕೆ ಇನ್ನು ನಾಲ್ಕು ಬಿಸಿಲು ಬೇಕು" ಅಂದ್ರು. ದಿನ ಅನ್ಲಿಲ್ಲ, ಬಿಸಿಲು ಅಂದ್ರು.

ಅಷ್ಟ್ರಲ್ಲಿ ಅವರು ತಲೆ ಎತ್ತಿದ್ರು. ನಮಗೇನೂ ಗೊತ್ತಾಗ್ಲಿಲ್ಲ, ಬಿಸಿಲಿತ್ತು. ಗಾಳಿ ಮಾತ್ರ ಒಂಥರಾ ತಣ್ಣಗೆ ತಿರುಗ್ತು. ಅವರು ಒಳಗೆ ಏನೋ ಕೂಗಿದ್ರು, ಹೆಂಡತಿ ಓಡಿ ಬಂದ್ರು, ಅವರ ಕೈಲಿ ನೀಲಿ ಟಾರ್ಪಾಲು. ಕುಯ್ಲಿನ ಆಳುಗಳು ಕೆಳಗಿನ ತೋಟದಲ್ಲಿದ್ರು, ಮೇಲೆ ಬರೋಕೆ ಹತ್ತು ನಿಮಿಷ. ಹತ್ತು ನಿಮಿಷ ಇರ್ಲಿಲ್ಲ.

ಅಮ್ಮ ಸೀರೆ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಕಣಕ್ಕೆ ಇಳಿದೇಬಿಟ್ರು. ಕೆ.ಆರ್. ನಗರದ ಕಡೆ ಹಳ್ಳೀಲಿ ಹುಟ್ಟಿ ಬೆಳೆದೋರು, ಕಣದಲ್ಲಿ ಹರಡಿದ್ದು ಭತ್ತವೋ ಕಾಫಿಯೋ, ಮೋಡ ಕಂಡಾಗ ಮಾಡೋದು ಒಂದೇ. ಭಾಮೈದ ಸ್ಪೋರ್ಟ್ಸ್ ಶೂ ಹಾಕ್ಕೊಂಡು ಕಾಫಿ ಮೇಲೆ ಕಾಲಿಟ್ಟ, "ಲೋ, ಚಪ್ಪಲಿ ಬಿಡೋ!" ಅಂತ ಅಮ್ಮ ಗದರಿದ್ದಕ್ಕೆ ಅವನು ಸಾಕ್ಸ್ ಸಮೇತ ಕಿತ್ತೆಸೆದ. ಕಾಲಡಿ ಕಾಫಿ ಇನ್ನೂ ಬಿಸಿ ಇತ್ತು, ಇಡೀ ದಿನದ ಬಿಸಿಲು ಅದರೊಳಗೆ. ಹಲಗೆ ಕೋಲಿದ್ದೋರು ಕೋಲಲ್ಲಿ, ಇಲ್ದೋರು ಎರಡು ಕೈಯಲ್ಲಿ ಬಾಚಿ ಬಾಚಿ ಗುಡ್ಡೆ ಮಾಡಿದ್ವಿ. "ಕೆಂಪು ಕಪ್ಪು ಬೆರೆಸ್ಬೇಡಿ, ಬೆರೆಸ್ಬೇಡಿ" ಅಂತ ಯಜಮಾನ್ರು. ಹುಳಿ ಹುಳಿ ಸಿಹಿ ವಾಸನೆ, ಅಂಗೈಯೆಲ್ಲ ಅಂಟು. ಮೊದಲ ಹನಿಗಳು ಸಿಮೆಂಟ್ ಮೇಲೆ ಒಂದೊಂದು ರೂಪಾಯಿ ನಾಣ್ಯದಷ್ಟು ಅಗಲ ಬಿದ್ವು. ಟಾರ್ಪಾಲು ಎರಡೇ ಇತ್ತು, ಗುಡ್ಡೆ ಮೂರು. ಭಾಮೈದ ನನ್ನ ಮುಖ ನೋಡ್ದ, ನಾನು ಅವನ ಮುಖ ನೋಡ್ದೆ, ಅವನು ಬರಿಗಾಲಲ್ಲೇ ಓಡಿ ಹೋಗಿ ನಮ್ಮ ಟೆಂಟಿನ ಮೇಲಿನ ಹೊದಿಕೆ ಬಿಚ್ಚಿ ಹೆಗಲ ಮೇಲೆ ಹಾಕ್ಕೊಂಡು ಬಂದ. ಅಂಚಿಗೆ ಕಲ್ಲಿಟ್ವಿ. ಕೊನೇ ಕಲ್ಲಿಡೋಷ್ಟ್ರಲ್ಲಿ ಸುರೀತು.

ಇಪ್ಪತ್ತೇ ನಿಮಿಷದ ಮಳೆ. ಡಿಸೆಂಬರಲ್ಲಿ ಬರ್ಬಾರದ್ದು. ಒಣಗೋ ಕಾಫಿಗೆ ನೀರು ಬಿದ್ರೆ ಬೂಷ್ಟು ಹಿಡಿಯುತ್ತೆ, ಬಣ್ಣ ಹೋಗುತ್ತೆ, ಐವತ್ತು ಕೆಜಿ ಚೀಲಕ್ಕೆ ಸಿಗೋ ರೇಟು ಬಿದ್ದುಹೋಗುತ್ತೆ. ಜಗಲೀಲಿ ಕೂತು ಬೆಲ್ಲದ ಕಾಫಿ ಕುಡೀತಾ ಅವರು ಇದನ್ನೆಲ್ಲ ಹೇಳಿದ್ರು. ಫೆಬ್ರವರಿ ಮಾರ್ಚಲ್ಲಿ ಇದೇ ಮಳೆ ಬಂದ್ರೆ ಅದು ಹೂಮಳೆ, ಕಾಫಿ ಹೂ ಬಿಡೋಕೆ ಬೇಕೇ ಬೇಕು, ಬರ್ಲಿಲ್ಲ ಅಂದ್ರೆ ಪಂಪು ಹಚ್ಚಿ ಸ್ಪ್ರಿಂಕ್ಲರಲ್ಲಿ ಹೊಡೀಬೇಕು. "ಬೇಕಾದಾಗ ಬರೋದಿಲ್ಲ, ಬೇಡದಾಗ ಬಿಡೋದಿಲ್ಲ, ನೆಂಟರ ಹಾಗೆ" ಅಂದ್ರು. ಅಂದ್ಮೇಲೆ ನಮ್ಮನ್ನ ನೋಡಿ "ನಿಮ್ಮನ್ನ ಹೇಳಿದ್ದಲ್ಲ" ಅಂತ ಸೇರಿಸಿದ್ರು.

ರಾತ್ರಿ ಊಟಕ್ಕೆ ಅಲ್ಲೇ ಉಳಿಸ್ಕೊಂಡ್ರು, ಪಾರ್ಕಲ್ಲಿದ್ದ ನಮ್ಮೋರನ್ನೂ ಕರೆಸಿದ್ರು. ಕಡಂಬುಟ್ಟು, ಹಂದಿ ಕರಿ. ಕಡಂಬುಟ್ಟು ಅಂದ್ರೆ ಅಕ್ಕಿ ತರಿಯ ಉಂಡೆ, ಹಬೇಲಿ ಬೇಯಿಸಿದ್ದು. ಹಂದಿ ಕರಿ ಕಪ್ಪಗಿರುತ್ತೆ, ಮಸಾಲೆ ಕಪ್ಪಾಗೋವರ್ಗೂ ಹುರಿದಿದ್ದು ಒಂದು, ಕಾಚಂಪುಳಿ ಹಾಕಿದ್ದು ಇನ್ನೊಂದು. ಆ ಬಾಟ್ಲು ತೋರಿಸಿದ್ರು, ಪಣಪುಳಿ ಹಣ್ಣಿನ ರಸನ ಕಾಯಿಸಿ ಕಾಯಿಸಿ ಇಳಿಸಿದ್ದು, ಡಾಂಬರಿನ ಥರ ಮಂದ, ನಾಲಿಗೆ ತುದಿಗೆ ಒಂದು ಹನಿ ಇಟ್ಟಿದ್ದಕ್ಕೆ ಎರಡೂ ಕಣ್ಣು ಮುಚ್ಕೊಂಡ್ವು. ಅಮ್ಮ ಮಾಂಸ ತಿನ್ನಲ್ಲ, ಅವರಿಗೆ ಬೇರೆ ಒಲೇಲಿ ಸಿಹಿಗುಂಬಳಕಾಯಿ ಸಾರು ಮಾಡಿ, ನೂಪುಟ್ಟಿಗೆ, ಅಂದ್ರೆ ಅಕ್ಕಿ ಶಾವಿಗೆಗೆ, ಕಾಯಿಹಾಲು ಬೆಲ್ಲ ಹಾಕಿ ಕೊಟ್ರು. ಇಬ್ಬರು ಅಜ್ಜಿಯರೂ ಒಲೆ ಮುಂದೆ ಕೂತು ಮಂಡಿನೋವಿನ ವಿಷಯ ಮಾತಾಡಿದ್ರು.

ಪಾರ್ಕಿಗೆ ವಾಪಸ್ ಬಂದ್ರೂ ಮಗನ ಸಿಟ್ಟು ಇಳಿದಿರ್ಲಿಲ್ಲ. ನಿಜವಾದ ಮಳೆ ಬಂತು ಅಂತ ರೇನ್ ಡ್ಯಾನ್ಸ್ ಕ್ಯಾನ್ಸಲ್ ಮಾಡಿದ್ರಂತೆ. ನಮ್ಮ ಟೆಂಟಿನ ಒಳಗೆ ಎರಡು ಬೆರಳು ನೀರು, ಹೊದಿಕೆ ಅಲ್ಲಿ ಕಣದಲ್ಲಿ ಕಾಫಿ ಕಾಯ್ತಾ ಇತ್ತಲ್ಲ. ಮ್ಯಾನೇಜರ್ ಬಂದು ಹೊದಿಕೆ ಎಲ್ಲಿ ಅಂದ. ಭಾಮೈದ ಹೇಳ್ದ. ಅವನು ಸುಮ್ನೆ ನಿಂತು, ಆಮೇಲೆ ಆಫೀಸ್ ರೂಮು ಬಿಟ್ಕೊಟ್ಟ. ರಾತ್ರಿ ಎಂಟು ಜನದಲ್ಲಿ ಏಳು ಜನ ಬಿಲ್ಲಿಂಗ್ ಕೌಂಟರ್ ಹಿಂದೆ ಸಾಲಾಗಿ ಮಲಗಿದ್ವಿ. ಅಮ್ಮ ಮಾತ್ರ ಮಂಚದ ಮೇಲೆ, ಒಲೆ ಪಕ್ಕ.

ದಿನ ಮೂರು

ಬೆಳಗ್ಗೆ ಹೊದಿಕೆ ವಾಪಸ್ ತರೋಕೆ ಹೋದಾಗ ಯಜಮಾನ್ರು ಅದನ್ನ ತೊಳೆದು ತಂತಿ ಮೇಲೆ ಒಣಹಾಕಿದ್ರು. ಕಣದಲ್ಲಿ ಕಾಫಿ ಮತ್ತೆ ಹರಡಿತ್ತು, ಮೂರು ಪಟ್ಟಿ, ಬೆರೆತಿರ್ಲಿಲ್ಲ. ಅಮ್ಮನಿಗೆ ಒಂದು ಪೇಪರ್ ಪೊಟ್ಟಣ ಕೊಟ್ರು, ಕಂದು ಪಟ್ಟಿಯದು ಒಂದೆರಡು ಹಿಡಿ, ಮನೇಲಿ ಒಣಗಿಸ್ಕೊಳ್ಳಿ ಅಂತ.

ವಾಪಸ್ ಬರೋವಾಗ ಒಂದು ವಿಚಿತ್ರ ಆಯ್ತು. ಭಾಮೈದ ಕಾರಿನ ಕೀ ನನ್ನ ಕೈಗೆ ಕೊಟ್ಟು "ನಾನು ಅತ್ತೆ ಜೊತೆ ಬಸ್ಸಲ್ಲಿ ಬರ್ತೀನಿ ಭಾವ" ಅಂದ. ಬಂಪರಿಗೆ ಹೆದರಿದ್ನೋ, ಜೀಪು ಇಷ್ಟ ಆಯ್ತೋ, ಕೇಳೋಕೆ ಹೋಗ್ಲಿಲ್ಲ. ಕಾರಿನೋರಿಗೆ ಒಂದು ಮಾತು, ಆ ಕಲ್ಲಿನ ದಾರಿ ಇಳಿಯೋವಾಗ ಫಸ್ಟ್ ಗೇರ್ ಬಿಟ್ಟು ಬೇರೆ ಗೇರ್ ಮುಟ್ಬೇಡಿ, ಬ್ರೇಕನ್ನೇ ನಂಬ್ಕೊಂಡ್ರೆ ಕೆಳಗೆ ಬರೋಷ್ಟ್ರಲ್ಲಿ ಸುಟ್ಟ ವಾಸನೆ ಬರುತ್ತೆ, ನನಗೆ ಬಂತು. ಹತ್ತೋ ಗಾಡಿಗೆ ಜಾಗ ಬಿಡಿ, ಇಳಿಯೋರೇ ನಿಲ್ಲಿಸ್ಬೇಕು. ಆಮೇಲೆ ರಜದ ವಾರದಲ್ಲಿ ನಿಸರ್ಗಧಾಮದ ಮುಂದೆ ಹಾದು ಹೋಗೋಕೆ ಸಮಯ ಇಟ್ಕೊಳ್ಳಿ, ಬಿದಿರು ನೋಡೋಣ ಅಂತ ನಾವೂ ಹೋದ್ವಿ, ತೂಗುಸೇತುವೆ ಮೇಲೆ ಜನ ನೋಡಿ ಹಂಗೇ ತಿರುಗಿದ್ವಿ. ಬೈಲಕುಪ್ಪೆಯ ಬೌದ್ಧ ಮಠ ನಾಮ್‌ಡ್ರೋಲಿಂಗ್‌ನಲ್ಲಿ ಪಾರ್ಕಿಂಗ್ ಸಿಗೋಕೆ ಅರ್ಧ ಗಂಟೆ. ಒಳಗೆ ಅರವತ್ತಡಿ ಬಂಗಾರದ ಬುದ್ಧ, ಆಚೆ ಈಚೆ ಐವತ್ತೆಂಟಡಿಯ ಇನ್ನಿಬ್ಬರು. ಮಗ ಬಹಳ ಹೊತ್ತು ಕತ್ತೆತ್ತಿ ನೋಡಿ "ಜಿರಾಫೆಗಿಂತ ದೊಡ್ಡದು" ಅಂತ ಒಪ್ಕೊಂಡ.

ಮನೆ ಮುಟ್ಟಿದಾಗ ಸಂಜೆ ಏಳು. ಅಮ್ಮ, ಮಗಳು, ಭಾಮೈದ ಬಸ್ಸಲ್ಲಿ ನಾಲ್ಕಕ್ಕೇ ಬಂದು ಸ್ನಾನ ಮುಗಿಸಿ ಉಪ್ಪಿಟ್ಟು ಮಾಡಿಟ್ಟಿದ್ರು. ಪ್ರೈವೇಟ್ ಬಸ್ ಹುಡುಗ ಅಮ್ಮನ ಹತ್ರ ದುಡ್ಡು ತಗೊಳ್ಳಲಿಲ್ಲವಂತೆ, ಕಾಫಿ ಕಣದ ವಿಷಯ ಆಗಲೇ ಅವನ ಕಿವಿಗೆ ಬಿದ್ದಿತ್ತಂತೆ. ಇದನ್ನ ಅಮ್ಮ ಬಿಎಸ್ಸೆನ್ನೆಲ್ ವಿಷಯಕ್ಕಿಂತ ಜಾಸ್ತಿ ಸಲ ಹೇಳಿದ್ರು.

ಆ ಪೊಟ್ಟಣದ ಕಾಫಿ ಈಗ ನಮ್ಮ ತಾರಸಿ ಮೇಲೆ ಮೊರದಲ್ಲಿದೆ. ಸಂಡಿಗೆ ಕಾಯೋ ಹಂಗೆ ಕಾಗೆ ಓಡಿಸ್ಕೊಂಡು ಅಮ್ಮ ಪಕ್ಕದಲ್ಲೇ ಕೂತಿರ್ತಾರೆ. ಮಗಳು ಸ್ಕೂಲಿಂದ ಬಂದ ತಕ್ಷಣ ಮೇಲೆ ಹೋಗಿ ಒಂದು ಹಿಡಿ ಕಿವಿ ಹತ್ರ ಅಲ್ಲಾಡಿಸ್ತಾಳೆ. ಇವತ್ತಿಗೆ ಮೂರು ಬಿಸಿಲಾಯ್ತು. ಇನ್ನೂ ಡಬಡಬ ಅಂತಿದೆ.